ಬೆಂಚಿನ ಕಡೆ ನೋಡುತ್ತಿದ್ದವರು

ಅವರ ಕೊರಳ ಸುತ್ತ ಒಂದು ಬಿಳಿ ಗೆರೆ ಇತ್ತು. ದಾರದಷ್ಟೇ ಸಣ್ಣ ಗೆರೆ. ಮೂವತ್ತು ವರ್ಷ ಸೀಟಿಯ ದಾರ ಒಂದೇ ಕಡೆ ಕೂತು, ಮುಖ, ತೋಳು, ಕತ್ತು ಎಲ್ಲ ಬಿಸಿಲಿಗೆ ಕರಿಹೆಂಚಿನ ಬಣ್ಣಕ್ಕೆ ತಿರುಗಿದರೂ ಅಷ್ಟು ಚರ್ಮ ಮಾತ್ರ ಬಿಸಿಲು ಕಾಣದೆ ಉಳಿದಿತ್ತು. ನಿವೃತ್ತಿಯ ದಿನ ಸೀಟಿಯನ್ನು ಕಾಲೇಜಿನ ಕಪಾಟಿನಲ್ಲಿಟ್ಟು, ಕಪಾಟಿನ ಕೀಲಿಯನ್ನು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟು ಬಂದರಂತೆ. ಗೆರೆ ಮಾತ್ರ ಅವರ ಜೊತೆ ಮಸ್ಕಿಗೆ ಬಂತು.

ಲಿಂಗಸುಗೂರಿನ ಕಾಲೇಜಿನಲ್ಲಿ ಅವರು ಆಟ ಕಲಿಸುತ್ತಿದ್ದರು. ಕೋಣೆಯ ಬಾಗಿಲ ಮೇಲೆ ‘ದೈಹಿಕ ಶಿಕ್ಷಣ ನಿರ್ದೇಶಕರು’ ಎಂದು ಹಲಗೆ ಇತ್ತು. ಅಷ್ಟುದ್ದ ಯಾರು ಕರೆಯಬೇಕು? ಮೊದಲು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿದ್ದವರು, ಹಾಗಾಗಿ ಕಾಲೇಜಿಗೆ ಬಂದರೂ ಡ್ರಿಲ್ ಸರ್ ಆಗಿಯೇ ಉಳಿದರು. ಮದುವೆಯಾಗಿರಲಿಲ್ಲ. ಮಸ್ಕಿಯಲ್ಲಿ, ಗಂಡ ತೀರಿಕೊಂಡ ಅಕ್ಕನ ಜೊತೆ ಇದ್ದರು. ಆ ಅಕ್ಕನಿಗೆ ಕಿವಿ ಕೇಳುತ್ತಿರಲಿಲ್ಲ. ಮಾತಾಡಬೇಕೆಂದರೆ ಕೂಗಬೇಕು. ದಿನವಿಡೀ ಮೈದಾನದಲ್ಲಿ ಕೂಗಿ ಬಂದವರು ಮನೆಯಲ್ಲಿ ಮತ್ತೇನು ಕೂಗುತ್ತಾರೆ? ಅಕ್ಕ, ತಮ್ಮ ಇಬ್ಬರೂ ಸುಮ್ಮನೆ ಕೂತು ಉಣ್ಣುತ್ತಿದ್ದರು. ಅಂಥವರನ್ನು ನಮ್ಮಜ್ಜಿ ‘ನೆರಳಿನ ಜೋಡಿ ಉಣ್ಣೋರು’ ಎನ್ನುತ್ತಿದ್ದಳು.

ನಾನೂ ಮಸ್ಕಿಯವನೇ. ಎಂಬತ್ತರ ದಶಕದಲ್ಲಿ ದಿನಾ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಗಿ ಮೂರು ವರ್ಷ ಬಿ.ಎ. ಓದಿದೆ. ಓದಿದೆ ಅನ್ನುವುದಕ್ಕಿಂತ ಡ್ರಿಲ್ ಸರ್ ಕಟ್ಟಿದ ವಾಲಿಬಾಲ್ ತಂಡದಲ್ಲಿದ್ದೆ. ತಂಡದಲ್ಲಿದ್ದೆ ಅನ್ನುವುದಕ್ಕಿಂತ ತಂಡದ ಬೆಂಚಿನ ಮೇಲಿದ್ದೆ ಅನ್ನುವುದು ಸರಿ.

ಆಡುವವರು ಆರು ಮಂದಿ, ನಾನು ಏಳನೆಯವ. ಮೈದಾನಕ್ಕಿಳಿಯುವ ಮೊದಲು ಆ ಆರೂ ಮಂದಿ ತಮ್ಮ ವಾಚು ಬಿಚ್ಚಿ ಏಳನೆಯವನಿಗೆ ಕೊಡುವುದು ನಮ್ಮ ತಂಡದ ಪದ್ಧತಿ. ಜೇಬಿನಲ್ಲಿಟ್ಟರೆ ಗಾಜಿಗೆ ಗೀರು ಬೀಳುತ್ತದೆಂದು ನಾನು ಅವನ್ನೆಲ್ಲ ಎಡಗೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಸಾಲಾಗಿ ಕಟ್ಟಿಕೊಳ್ಳುತ್ತಿದ್ದೆ. ಆರು ವಾಚು, ಆರು ಟೈಮು.

“ಏ ಗಡಿಯಾರದಂಗಡಿ, ಟೈಮೆಷ್ಟೋ?” ಎಂದು ಹುಡುಗರು ಕಾಡುತ್ತಿದ್ದರು.

“ಯಾವ ಊರಿಂದು ಬೇಕಲೇ?” ಎಂದು ನಾನೂ ನಗುತ್ತಿದ್ದೆ. ನಗದೆ ಏನು ಮಾಡುವುದು?

ಸರ್ ಹೆಚ್ಚು ಮಾತಿನವರಲ್ಲ. ಆಟ ಶುರುವಾಗುವಾಗ ಒಬ್ಬೊಬ್ಬರ ಬೆನ್ನಿಗೂ ಅಂಗೈ ತಾಗಿಸಿ ಒಂದೇ ಮಾತು ಹೇಳುತ್ತಿದ್ದರು: “ಇಳಿ.” ಆರು ಸಲ ಆ ಮಾತು ಕೇಳಿಸುತ್ತಿತ್ತು. ಏಳನೆಯ ಸಲ ಅವರ ಕೈ ನನ್ನ ಬೆನ್ನಿನವರೆಗೆ ಬರುತ್ತಿರಲಿಲ್ಲ. ದೂರದಿಂದಲೇ, “ತಯಾರಿರು” ಎನ್ನುತ್ತಿದ್ದರು. ನಾನು ಮೂರು ವರ್ಷ ತಯಾರಿದ್ದೆ.

ಕೊನೆಯ ವರ್ಷ ರಾಯಚೂರಿನಲ್ಲಿ ಫೈನಲ್ ಪಂದ್ಯ. ಕೊನೆಯ ಗೇಮಿನಲ್ಲಿ ನಮ್ಮ ಎತ್ತರದ ಹುಡುಗ, ಬಳಗಾನೂರಿನವನು, ಜಿಗಿದು ಬೀಳುವಾಗ ಪಾದ ಹೊರಳಿ ಅಲ್ಲೇ ಕೂತುಬಿಟ್ಟ. ನಾನು ಎದ್ದು ನಿಂತು ವಾಚು ಬಿಚ್ಚತೊಡಗಿದೆ. ನಾಲ್ಕು ಬಿಚ್ಚಿ ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದೆ. ಸರ್ ನನ್ನನ್ನು ನೋಡಿದರು. ಕೂತವನನ್ನು ನೋಡಿದರು. ಆಮೇಲೆ ಹೆಗಲ ಮೇಲಿನ ಟವೆಲ್ ಹರಿದು ಅವನ ಪಾದಕ್ಕೆ ಬಿಗಿದು ಕಟ್ಟಿ, ಅವನನ್ನೇ ಎಬ್ಬಿಸಿ, ಅವನ ಬೆನ್ನಿಗೇ ಕೈಯಿಟ್ಟು “ಇಳಿ” ಎಂದರು. ನಾವು ಗೆದ್ದೆವು. ನಾನು ಆಗಲೇ ನಾಲ್ಕೂ ವಾಚನ್ನು ಮತ್ತೆ ಕಟ್ಟಿಕೊಂಡಿದ್ದೆ. ಕಪ್ ಹಿಡಿದು ತೆಗೆಸಿಕೊಂಡ ಫೋಟೋದಲ್ಲಿ ನಾನೊಬ್ಬ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದೇನೆ.

ಯಾಕೆ ಇಳಿಸಲಿಲ್ಲ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಕೇಳದ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿರುತ್ತದೆ. ಉಣ್ಣಲಿಕ್ಕೆ ಅಡ್ಡಿಯಿಲ್ಲ, ನುಂಗುವಾಗ ಮಾತ್ರ ನೆನಪಾಗುತ್ತದೆ.

ಓದು ಮುಗಿದ ಮೇಲೆ ನಾನು ಸಿಂಧನೂರಿಗೆ ಬಂದು ರೇಡಿಯೋ, ಟಿವಿ ರಿಪೇರಿಗೆ ಕೂತೆ. ತೊಂಬತ್ತರ ದಶಕದ ಆರಂಭದಲ್ಲಿ ಹೈದರಾಬಾದಿನಿಂದ ಲಾರಿಯಲ್ಲಿ ಒಂದು ಡಿಶ್ ತರಿಸಿ, ಅಕ್ಕಿ ಅಂಗಡಿಯ ಮಾಳಿಗೆಯ ಮೇಲೆ ನಿಲ್ಲಿಸಿ, ಊರಿಗೆಲ್ಲ ಕೇಬಲ್ ಎಳೆದೆ. ಅಷ್ಟು ದೊಡ್ಡ ಬುಟ್ಟಿಯನ್ನು ಜನ ಕಂಡಿರಲಿಲ್ಲ. ಗೊರೇಬಾಳದ ರೈತರೊಬ್ಬರು ಅಕ್ಕಿ ಅಂಗಡಿಗೆ ಬಂದವರು ಮೇಲೆ ಹತ್ತಿ ಬಂದು, ಡಿಶ್ಶಿನ ಅಂಚು ಸವರಿ, “ತಮ್ಮಾ, ಇದರಾಗ ಎಷ್ಟು ಚೀಲ ನೆಲ್ಲು ಒಣಗಸಬಹುದು?” ಎಂದು ಕೇಳಿದ್ದರು. ಮಾಳಿಗೆಯ ಮೇಲೆ ಒಂದು ತಗಡಿನ ಕೋಣೆ, ಅದರಲ್ಲಿ ಯಂತ್ರಗಳು, ಒಂದು ಟಿವಿ, ಒಂದು ಉದ್ದನೆಯ ಬೆಂಚು. ಅದೇ ನನ್ನ ಆಫೀಸು.

ಒಂದು ಚಳಿಗಾಲದ ಬೆಳಿಗ್ಗೆ ಮೆಟ್ಟಿಲ ಮೇಲೆ ಕ್ಯಾನ್ವಾಸ್ ಬೂಟಿನ ಸಪ್ಪಳ. ನೋಡಿದರೆ ಡ್ರಿಲ್ ಸರ್. ಮಸ್ಕಿಯಿಂದ ಮೊದಲ ಬಸ್ಸಿಗೆ ಬಂದಿದ್ದರು.

“ಇಲ್ಲೆ ಡಿಶ್‌ನ್ಯಾಗ ಕಾಲೇಜ್ ಹುಡುಗರ ಆಟ ತೋರಸ್ತಾರಂತ. ಖರೇ ಏನಲೇ?”

ಖರೇ ಇತ್ತು. ಎಲ್ಲೋ ಸಮುದ್ರದಾಚೆ ರಾತ್ರಿ ಆಡುವ ಕಾಲೇಜು ಬಾಸ್ಕೆಟ್‌ಬಾಲ್ ನಮಗೆ ಬೆಳಗಿನ ಏಳೂವರೆಗೆ ಬರುತ್ತಿತ್ತು. ಊರಲ್ಲಿ ಅದನ್ನು ನೋಡುವ ಒಂದು ನರಪಿಳ್ಳೆ ಇರಲಿಲ್ಲ. ಆ ಹೊತ್ತಿಗೆ ಎಲ್ಲರಿಗೂ ಹಾಡು ಬೇಕು.

“ಕ್ರಿಕೆಟ್ ಬರ್ತದಲ್ರಿ ಸರ್, ಅದನ್ನ ಹಚ್ಚಲೇನ್ರಿ?”

“ಅದು ಬ್ಯಾಡೋ. ಅದು ದೊಡ್ಡವರ ಆಟ, ಜೀವನಾ ಪೂರ್ತಿ ಆಡ್ತಾರ. ಕಾಲೇಜಿನಾಗ ಆಡೋ ಹುಡುಗ ನಾಳೆ ಕಂಡಕ್ಟರ್ ಆಗ್ತಾನ, ಕಾರಕೂನ ಆಗ್ತಾನ. ಮತ್ತ ಚೆಂಡು ಮುಟ್ಟೂದಿಲ್ಲ. ಅದಕ್ಕ ನೋಡು, ಜೀವಾ ಬಿಟ್ಟು ಆಡ್ತಾನ.”

ಅಂದಿನಿಂದ ವಾರಕ್ಕೆ ಎರಡು ದಿನ ಬರತೊಡಗಿದರು. ಧ್ವನಿ ಪೂರ್ತಿ ಕಡಿಮೆ ಮಾಡಿಸುತ್ತಿದ್ದರು. ಆ ಇಂಗ್ಲಿಷ್ ಅವರಿಗೂ ಅಷ್ಟಕ್ಕಷ್ಟೇ, ನನಗಂತೂ ಮಳೆ ಸುರಿದಂತೆ. ರೆಫರಿ ಸೀಟಿ ಊದಿದಾಗಲೆಲ್ಲ ಅವರ ತುಟಿ ತಾನಾಗಿ ಮುಂದೆ ಬರುತ್ತಿತ್ತು. ಸಾವಿರಾರು ವಿದ್ಯಾರ್ಥಿಗಳು ಮುಖಕ್ಕೆ ಬಣ್ಣ ಬಳಿದುಕೊಂಡು ಕುಣಿಯುವುದನ್ನು ಕಂಡು, “ನೋಡಲೇ, ಕಾಲೇಜಿನ ಆಟಕ್ಕ ಎಷ್ಟು ಮಂದಿ! ನಮ್ಮ ಪಂದ್ಯಕ್ಕ ಎರಡು ಎಮ್ಮಿ ಬಂದಿದ್ವು. ಅವೂ ಅರ್ಧಕ್ಕ ಎದ್ದು ಹೋದ್ವು” ಎಂದರು. ನಕ್ಕೆವು. ನಕ್ಕು ಮುಗಿದ ಮೇಲೆ ಕೋಣೆ ಇನ್ನಷ್ಟು ಖಾಲಿ ಅನಿಸಿತು.

ಸ್ವಲ್ಪ ದಿನದಲ್ಲಿ ನನಗೊಂದು ಸಂಗತಿ ತಿಳಿಯಿತು. ಸರ್ ಚೆಂಡನ್ನು ನೋಡುತ್ತಿರಲಿಲ್ಲ. ಅವರ ಕಣ್ಣು ಯಾವಾಗಲೂ ಪರದೆಯ ಎಡ ಅಂಚಿನಲ್ಲಿ. ಅಲ್ಲಿ, ಕೆಂಪು ಅಂಗಿಯ ತಂಡದ ಬೆಂಚು. ಅದರ ತುದಿಗೆ ಹದಿನಾಲ್ಕನೇ ನಂಬರಿನ ಒಬ್ಬ ಹುಡುಗ. ಜೋಳದ ಒಣ ರವದಿಯಂಥ ಹಳದಿ ಕೂದಲು, ಹೆಗಲ ಮೇಲೆ ಟವೆಲ್. ಯಾರು ಬುಟ್ಟಿಗೆ ಚೆಂಡು ಹಾಕಿದರೂ ಮೊದಲು ಎದ್ದು ಚಪ್ಪಾಳೆ ಹೊಡೆಯುವವ ಅವನೇ. ಬೆವರಿ ಬಂದವರಿಗೆ ನೀರು ಕೊಡುವವ ಅವನೇ. ಅವನನ್ನು ಒಂದು ದಿನವೂ ಒಳಗೆ ಬಿಡುತ್ತಿರಲಿಲ್ಲ.

“ಆ ಬೋಳ್ಯಾ ಈ ಹುಡುಗನ್ನ ಯಾವಾಗ ಇಳಸ್ತಾನಂತ?” ಎಂದು ಸರ್ ಆ ತಂಡದ ಕೋಚಿನ ಮೇಲೆ ಸಿಟ್ಟಾಗುತ್ತಿದ್ದರು. “ಆಡೋರನ್ನ ಎಲ್ಲಾರೂ ನೋಡ್ತಾರ. ಕುಂತಾಂವನ್ನ ಯಾರು ನೋಡಬೇಕು?”

ನಾನು ವೈರ್ ತಿಕ್ಕುತ್ತಿದ್ದೆ. ಅವರ ಪಕ್ಕದಲ್ಲಿ, ಅದೇ ಬೆಂಚಿನ ಮೇಲೆ ಕೂತವ ನಾನು. ಅದು ಅವರಿಗೆ ಹೊಳೆದಿತ್ತೋ ಇಲ್ಲವೋ.

ಆ ಹುಡುಗನ ಮುಖ ನೋಡುವುದು ಸುಲಭವಿರಲಿಲ್ಲ. ನಮ್ಮ ಟಿವಿಗಳ ಅಂಚು ಬಾಗಿರುತ್ತಿತ್ತು, ಅಲ್ಲಿಗೆ ಬಂದ ಮುಖ ಎಳೆದ ಹಿಟ್ಟಿನ ಮುದ್ದೆಯಂತೆ ಉದ್ದವಾಗುತ್ತಿತ್ತು. ಗಾಳಿಗೆ ಡಿಶ್ ಬೆರಳಷ್ಟು ಅಲುಗಿದರೂ ಪರದೆಯ ತುಂಬ ಚುಕ್ಕೆ. ಆಗ ನಾನು ಹೊರಗೆ ಹೋಗಿ ಡಿಶ್ ತಿರುಗಿಸಬೇಕು, ಸರ್ ಟಿವಿ ಮುಂದೆ ಕೂತು ಕೂಗಬೇಕು. “ಬಲಕ್ಕ... ಇನ್ನೊಂಚೂರು ಬಲಕ್ಕ... ಏ, ಹೆಚ್ಚಾತು! ಎಡಕ್ಕ... ಬಂತು ಬಂತು, ಮುಖ ಕಾಣಾಕತ್ತಾವ, ಬಿಡು!” ಬೇರೆಯವರು ‘ಚಿತ್ರ ಬಂತು’ ಎಂದು ಕೂಗುತ್ತಿದ್ದರು, ಇವರು ‘ಮುಖ’ ಎನ್ನುತ್ತಿದ್ದರು. ಮೈದಾನದಲ್ಲಿ ನೆಟ್ ಕಟ್ಟುವಾಗಲೂ ಹೀಗೇ, ಅವರು ದೂರ ನಿಂತು ಬಲಕ್ಕ, ಎಡಕ್ಕ ಅನ್ನುವುದು, ನಾನು ಹಗ್ಗ ಎಳೆಯುವುದು. ಕಂಬಕ್ಕೆ ಹಗ್ಗ ಬಿಗಿಯುವ ಆ ಕೈಚಳಕವೇ ಇಂದು ನನ್ನ ಅನ್ನ. ಬೆಂಚಿನ ಮೇಲೆ ಕೂಡಿಸಿದವರೇ ಅದನ್ನೂ ಕಲಿಸಿದ್ದರು.

ಈಗ ನನ್ನ ಮನೆಯಲ್ಲಿ ಗೋಡೆಯಗಲದ ಎಚ್.ಡಿ. ಟಿವಿ ಇದೆ. ಕಾಲೇಜಿನ ಪಂದ್ಯ ಹಚ್ಚಿದರೆ ಬೆಂಚಿನ ಮೇಲೆ ಕೂತವನ ಬೂಟಿನ ಲೇಸು ಕಾಣುತ್ತದೆ, ಅವನು ಉಗುರು ಕಚ್ಚುವುದು ಕಾಣುತ್ತದೆ. ಯಾರೂ ಮಾಳಿಗೆ ಹತ್ತಬೇಕಿಲ್ಲ, ಯಾರೂ ಕೂಗಬೇಕಿಲ್ಲ. ಇಷ್ಟು ನಿಚ್ಚಳವಾದ ಮುಖಗಳನ್ನು ನಾನೊಬ್ಬನೇ ನೋಡುತ್ತೇನೆ.

ಚಳಿ ಇಳಿದು ಬಿಸಿಲು ಬಲಿಯತೊಡಗಿದಾಗ ಆ ಕೆಂಪು ತಂಡದ ವರ್ಷದ ಕೊನೆಯ ಪಂದ್ಯ ಬಂತು. ಹದಿನಾಲ್ಕನೇ ನಂಬರಿನವನಿಗೆ ಕಾಲೇಜಿನಲ್ಲಿ ಅದೇ ಕೊನೆಯ ವರ್ಷ ಎಂದು ಸರ್ ಹೇಗೋ ಪರದೆಯ ಮೇಲಿನ ಅಕ್ಷರ ಓದಿ ಪತ್ತೆ ಹಚ್ಚಿದ್ದರು. ಅಂದು ಇಸ್ತ್ರಿ ಮಾಡಿದ ಬಿಳಿ ಪ್ಯಾಂಟ್ ಹಾಕಿಕೊಂಡು ಬಂದಿದ್ದರು. “ಇವತ್ತ ಇಳಸಲಿಲ್ಲಂದ್ರ ಇನ್ನ ಯಾವಾಗಲೂ ಇಲ್ಲ,” ಎಂದು ಕೂತರು.

ಪಂದ್ಯದ ಕೊನೆಗೆ ಕೆಂಪು ತಂಡದವನೊಬ್ಬ ಬಿದ್ದು ಮೊಣಕಾಲು ಹಿಡಿದುಕೊಂಡ. ಬೆಂಚಿನ ತುದಿಯಲ್ಲಿ ಹದಿನಾಲ್ಕು ಎದ್ದು ನಿಂತ. ಟವೆಲ್ ತೆಗೆದ, ಮೇಲಂಗಿ ಬಿಚ್ಚಿದ.

“ಎದ್ದಾನಲೇ! ನೋಡಿಲ್ಲೆ, ಎದ್ದಾನ!” ಸರ್ ನನ್ನ ಮೊಣಕೈ ಹಿಡಿದುಬಿಟ್ಟರು.

ಕರೆಂಟ್ ಹೋಯಿತು.

ನನ್ನ ಜನರೇಟರ್ ಅಂದು ಇರಲಿಲ್ಲ. ದಢೇಸುಗೂರಿನಲ್ಲಿ ಗೆಳೆಯನ ತಂಗಿಯ ಮದುವೆ, ಅಲ್ಲಿಗೆ ಕೊಟ್ಟು ಕಳಿಸಿದ್ದೆ. ಕಪ್ಪು ಪರದೆಯಲ್ಲಿ ನಮ್ಮಿಬ್ಬರ ನೆರಳು ಕಾಣುತ್ತಿತ್ತು. ಹತ್ತೂವರೆವರೆಗೆ ಸರ್ ಹಾಗೇ ಕೂತರು. ಅಕ್ಕನಿಗೆ ಜ್ವರ, ಹೋಗಲೇಬೇಕಿತ್ತು. ಅದೇ ಪಂದ್ಯವನ್ನು ಮಧ್ಯಾಹ್ನ ಮೂರಕ್ಕೆ ಇನ್ನೊಮ್ಮೆ ತೋರಿಸುತ್ತಾರೆ ಎಂದೆ.

“ನೀ ನೋಡು. ನೋಡಿ ನನಗ ಹೇಳು,” ಎಂದು ಮೆಟ್ಟಿಲಿಳಿದರು. ಅರ್ಧಕ್ಕೆ ನಿಂತು ತಿರುಗಿ, “ಮುಖಾ ಹೆಂಗಿತ್ತು ಅಂತ ನೋಡು, ಹಾಂ?” ಎಂದರು.

ಮೂರಕ್ಕೆ ಕರೆಂಟ್ ಇತ್ತು. ನಾನು ಬಾಗಿಲು ಹಾಕಿಕೊಂಡು ನೋಡಿದೆ. ಹದಿನಾಲ್ಕು ಎದ್ದ, ಮೇಲಂಗಿ ಬಿಚ್ಚಿದ, ಕೋಚಿನ ಹತ್ತಿರ ಹೋಗಿ ನಿಂತ. ಕೋಚು ಅವನತ್ತ ತಿರುಗಲೇ ಇಲ್ಲ. ಬಿದ್ದವನು ಕುಂಟುತ್ತ ಎದ್ದ, ಅವನೇ ಮುಂದುವರಿದ. ಹದಿನಾಲ್ಕು ಸ್ವಲ್ಪ ಹೊತ್ತು ನಿಂತಿದ್ದು, ಬಂದು ತನ್ನ ಜಾಗದಲ್ಲಿ ಕೂತು, ಮೇಲಂಗಿಯನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡ. ಮುಖ ಹೇಗಿತ್ತೆಂದು ನನಗೆ ನೋಡಿ ತಿಳಿಯಬೇಕಾಗಿರಲಿಲ್ಲ.

ಎರಡು ದಿನ ಬಿಟ್ಟು ಸರ್ ಬಂದರು. ಬೂಟು ಬಿಚ್ಚುವ ಮೊದಲೇ, “ಏನಾತು?”

“ಇಳಿಸಿದ್ರೀ ಸರ್,” ಎಂದೆ. ನಾಲಿಗೆ ತಾನಾಗಿ ಹೊರಳಿತ್ತು.

“ಆಡಿದ್ನಾ?”

“ಆಡಿದ್ರಿ. ಒಂದು ಚೆಂಡು ಹಾಕಿದಾ.”

“ಬೋಳ್ಯಾ ಏನಂದ?”

“ಬೆನ್ನ ಮ್ಯಾಲ ಕೈ ಇಟ್ಟು ಏನೋ ಅಂದಾರಿ.”

ಸರ್ ಬಹಳ ಹೊತ್ತು ನನ್ನನ್ನು ನೋಡಿದರು. ಆಮೇಲೆ ಮಕ್ಕಳಂತೆ ಹಿಗ್ಗಿ, “ಮತ್ತೊಮ್ಮೆ ತೋರಸ್ತಾರೇನಲೇ? ಕಣ್ಣಾರೆ ನೋಡಬೇಕಲ್ಲ!” ಎಂದರು.

ತೋರಿಸುವವರಿದ್ದರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ, ವಾರದ ಆಟವೆಂದು. ಸುಳ್ಳು ಹೇಳುವವನಿಗೆ ಇಷ್ಟಾದರೂ ಮುಂದಾಲೋಚನೆ ಇರಬೇಕಿತ್ತು. ಚಾನೆಲ್ಲಿನವರು ಪರದೆಯ ಕೆಳಗೆ ದಿನ, ಹೊತ್ತು ಬರೆದು ಓಡಿಸುತ್ತಿದ್ದಾರೆ, ಸರ್ ಅದನ್ನು ಕನ್ನಡಕ ಏರಿಸಿ ಓದುತ್ತಿದ್ದಾರೆ!

ಭಾನುವಾರ ಒಂಬತ್ತೂವರೆಗೇ ಬಂದು ಕೂತರು. ಅಕ್ಕ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ತಂದಿದ್ದರು. ಹತ್ತಕ್ಕೆ ಐದು ನಿಮಿಷವಿದ್ದಾಗ ನಾನು ಗಾಳಿ ನೋಡಿ ಬರುತ್ತೇನೆಂದು ಹೊರಗೆ ಹೋದೆ. ಡಿಶ್ಶಿನ ಬೋಲ್ಟ್ ಸಡಿಲಿಸಿ ಒಂದು ಗೇಣು ತಿರುಗಿಸಿಬಿಟ್ಟೆ. ಸಿಂಧನೂರಿನ ಅಷ್ಟೂ ಟಿವಿಗಳು ಒಮ್ಮೆಲೇ ಚುಕ್ಕೆಯಾದವು.

ಮೊದಲು ಕೂಗಿದವರು ಎದುರಿನ ದರ್ಜಿ ಚಾಚಾ. “ಕ್ಯಾ ಹುವಾ ರೇ ಡಿಶ್ಶಪ್ಪಾ? ಟಿವಿ ತುಂಬಾ ಸೊಳ್ಳಿ ಮುತ್ಯಾವಲ್ಲೋ! ಸೊಳ್ಳಿಪರದೆ ಹೊಲದು ಕಳಸಲೇನು?” ಓಣಿ ಓಣಿಯಿಂದ ಜನ ಬಂದರು. ಭಾನುವಾರದ ಹಾಡು ತಪ್ಪಿದರೆ ಯಾರು ಸುಮ್ಮನಿರುತ್ತಾರೆ? “ಏ, ಸರಿಯಾಗಿ ತಿರುವೋ ಅದನ್ನ!” “ಮಕಾಡಿ ಬಿದ್ದೈತೇನೋ ನಿನ್ನ ಬುಟ್ಟಿ?” ನಾನು ಬೆವರು ಒರೆಸಿಕೊಳ್ಳುತ್ತ ಎಲ್ಲರಿಗೂ ಕೈ ಮುಗಿದೆ.

ಒಳಗಿಂದ ಸರ್ ದನಿ: “ಬಲಕ್ಕ!”

ನಾನು ಎಡಕ್ಕೆ ತಿರುಗಿಸಿದೆ.

“ಬಲಕ್ಕಲೇ!”

ಮತ್ತಷ್ಟು ಎಡಕ್ಕೆ.

ಆಮೇಲೆ ಒಳಗಿಂದ ದನಿ ಬರಲಿಲ್ಲ. ಪಂದ್ಯ ಮುಗಿಯುವ ಹೊತ್ತಿನವರೆಗೆ ನಾನು ಬಿಸಿಲಲ್ಲಿ ಡಿಶ್ಶಿನ ಜೊತೆ ಕುಸ್ತಿ ಹಿಡಿದೆ. ಒಳಗೆ ಬಂದಾಗ ಸರ್ ಚುಕ್ಕೆಗಳ ಮುಂದೆ ಹಾಗೇ ಕೂತಿದ್ದರು. ಹೋಳಿಗೆಯ ಗಂಟು ಬಿಚ್ಚಿರಲಿಲ್ಲ.

“ಮೂರು ವರ್ಷ ನೆಟ್ ಕಟ್ಟೀದಿ ನೀನು,” ಎಂದರು, ಟಿವಿಯ ಕಡೆಯೇ ನೋಡುತ್ತ. “ನಾ ಬಲಕ್ಕ ಅಂದಾಗ ಒಮ್ಮೆನೂ ಎಡಕ್ಕ ಎಳದಾಂವಲ್ಲ.”

ನಾನು ಕೈಯಲ್ಲಿದ್ದ ಪಾನಾವನ್ನು ಬೆಂಚಿನ ಮೇಲಿಟ್ಟೆ.

“ಕುಂತಾ ಏನು ಆ ಹುಡುಗ, ಹೊಳ್ಳಿ ಬಂದು?”

“ಕುಂತಾರಿ.”

ಕೆಳಗೆ ಜನ ಬೈಯುತ್ತಲೇ ಇದ್ದರು. ಸರ್ ಕಿಟಕಿಯಾಚೆ ಡಿಶ್ಶನ್ನು ನೋಡಿದರು, ಅಲ್ಲಿಂದ ಕಣ್ಣು ತಂದು ನನ್ನ ಕೈಯ ಮೇಲೆ ನಿಲ್ಲಿಸಿದರು. ಮದುವೆಯಲ್ಲಿ ಮಾವ ಕೊಟ್ಟ ವಾಚು, ತೊಗಲಿನ ಪಟ್ಟಿಯದು. ಅವರು ಅಂಗೈ ಚಾಚಿದರು.

“ಬಿಚ್ಚು.”

“ಏನ್ರಿ ಸರ್?”

“ವಾಚು ಬಿಚ್ಚಲೇ. ನಾ ಹಿಡಕೊಂತೀನಿ.”

ಬಿಚ್ಚಿಕೊಟ್ಟೆ. ತಮ್ಮ ವಾಚಿನ ಮೇಲ್ಗಡೆ, ಮೊಣಕೈ ಕಡೆಗೆ ಅದನ್ನು ಕಟ್ಟಿಕೊಂಡರು. ಎದ್ದು ನನ್ನ ಹಿಂದೆ ಬಂದು ನಿಂತರು. ಬೆನ್ನ ಮೇಲೆ ಅಂಗೈ ಬಿತ್ತು. ಒರಟು ಕೈ, ಅಂಗಿಯೊಳಗಿಂದಲೂ ಅದರ ಬಿಸಿ ತಾಗಿತು.

“ಇಳಿ,” ಎಂದರು.

ಆ ತಗಡಿನ ಕೋಣೆಯಲ್ಲಿ ಇಳಿಯಲಿಕ್ಕೆ ಯಾವ ಮೈದಾನವಿತ್ತು? ಆದರೂ ನಾನು ಎರಡು ಹೆಜ್ಜೆ ಮುಂದೆ ಇಟ್ಟೆ. ಗೋಡೆ ಬಂತು, ನಿಂತೆ. ಹಿಂದಿರುಗಿ ನೋಡುವ ಧೈರ್ಯವಾಗಲಿಲ್ಲ. ಸರ್ ಬೂಟು ಹಾಕಿಕೊಂಡು ಮೆಟ್ಟಿಲಿಳಿಯುವ ಸಪ್ಪಳ ಕೇಳಿಸಿತು. ವಾಚು ಅವರ ಕೈಯಲ್ಲೇ ಹೋಯಿತು.

ಮನೆಯಲ್ಲಿ ಹೆಂಡತಿ, “ವಾಚೆಲ್ಲಿ? ನಮ್ಮಪ್ಪ ಕೊಟ್ಟಿದ್ದು!” ಎಂದಳು.

“ಸರ್ ಹಿಡಕೊಂಡಾರ.”

“ಯಾಕ?”

ಹೋಳಿಗೆಯ ಗಂಟನ್ನು ಅವಳ ಕೈಗಿಟ್ಟೆ. ವಾಚು ಬೇಡಲು ಹೋಗಲಿಲ್ಲ. ಮುಂದಿನ ಚಳಿಗಾಲಕ್ಕೆ ಸರ್ ಮತ್ತೆ ಬಂದರು, ಹೊಸ ತಂಡ, ಹೊಸ ಬೆಂಚು ಹುಡುಕಿಕೊಂಡರು. ಎರಡೂ ವಾಚು ಕೈಯಲ್ಲೇ ಇದ್ದವು. ಅವರಾಗಿ ಕೊಡಲಿಲ್ಲ, ನಾನಾಗಿ ಕೇಳಲಿಲ್ಲ. ಗಂಟಲ ಮುಳ್ಳು ಮಾತ್ರ ಕರಗಿಹೋಗಿತ್ತು. ಅದರ ಮರುವರ್ಷ ಬರುವುದು ಕಡಿಮೆಯಾಯಿತು, ಮೆಟ್ಟಿಲು ಹತ್ತಿದರೆ ಏದುಸಿರು. ಆಮೇಲೆ ನಿಂತೇಹೋಯಿತು. ಏಳೂವರೆಗೆ ನಾನೊಬ್ಬನೇ ಆಟ ಹಚ್ಚಿ, ಧ್ವನಿ ಕಡಿಮೆ ಮಾಡಿ, ಎಡ ಅಂಚನ್ನು ನೋಡುತ್ತ ಕೂಡುತ್ತಿದ್ದೆ.

ಮಸ್ಕಿ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ನಾನು ಹೋಗುವಷ್ಟರಲ್ಲಿ ಹೊರಗೆ ತಂದು ಮಲಗಿಸಿದ್ದರು. ಅವರ ಹಳೆಯ ಹುಡುಗರು ಒಂದಿಬ್ಬರು ಬಂದಿದ್ದರು. ಕಾಯಿಲೆ ಅವರ ಮೈಯನ್ನು ಬಹಳ ಸೊರಗಿಸಿತ್ತು, ಆದರೆ ಕೊರಳ ಗೆರೆ ಹಾಗೇ ಇತ್ತು. ಎಡಗೈ ಬರಿದಾಗಿತ್ತು.

ಎಲ್ಲ ಮುಗಿದ ಮೇಲೆ ಅಕ್ಕ ನನ್ನನ್ನು ಒಳಗೆ ಕರೆದರು. ಸೆರಗಿನ ತುದಿಯ ಗಂಟು ಬಿಚ್ಚಿ ವಾಚು ತೆಗೆದು ತೋರಿಸಿದರು. ನಡೆಯುತ್ತಿತ್ತು.

“ಇದು ಯಾರದು, ನಿನಗ ಗೊತ್ತೇನ್ಯಪ್ಪಾ? ನಮ್ಮ ತಮ್ಮ ದಿನಾ ಕೀಲಿ ಕೊಡತಿದ್ದ. ಯಾರದೋ ಅಂದ್ರ, ನಮ್ಮ ಹುಡುಗ ಒಬ್ಬಾಂವ ಆಟಕ್ಕ ಇಳದಾನ, ಮುಗಿಸಿ ಬಂದು ಇಸ್ಕೊಂತಾನ ಅಂತಿದ್ದ.”

“ನಂದ್ರಿ ಯವ್ವಾ,” ಎಂದೆ. ಅವರಿಗೆ ಕೇಳಿಸಲಿಲ್ಲ. ಕೂಗಿದೆ, “ನಂದು!” ಅಂಗಳದಲ್ಲಿದ್ದವರು ತಿರುಗಿ ನೋಡಿದರು.

“ಮುಗೀತೇನು ಆಟ?” ಎಂದು ಆ ಮುದುಕಿ ಕೇಳಿದರು.

ಕೈ ಚಾಚಿದೆ. ಅವರೇ ಕಟ್ಟಿದರು, ಬೆರಳಿನಿಂದ ತೂತು ಹುಡುಕುತ್ತ. ಸೊರಗಿದ ಕೈಗೆಂದು ಸರ್ ಪಟ್ಟಿಯಲ್ಲಿ ಒಳಗಡೆ ಹೊಸ ತೂತೊಂದನ್ನು ಮೊಳೆಯಿಂದ ಮಾಡಿಕೊಂಡಿದ್ದರು. ಅಕ್ಕನ ಬೆರಳಿಗೆ ಅದೇ ಸಿಕ್ಕಿತು. ನನಗದು ಬಿಗಿ. ಬೇರೆ ತೂತಿಗೆ ಬದಲಿಸಲು ಮನಸ್ಸಾಗಲಿಲ್ಲ, ಇವತ್ತಿಗೂ ಅಲ್ಲೇ ಕಟ್ಟುತ್ತೇನೆ. ಸ್ನಾನಕ್ಕೆ ಬಿಚ್ಚಿದಾಗ ಮಣಿಕಟ್ಟಿನ ಸುತ್ತ ಬಿಸಿಲು ಕಾಣದ ಒಂದು ಬಿಳಿ ಗೆರೆ ಇರುತ್ತದೆ.